ಹುಸಿಮೀನಿಗೆ ತುಟಿ: ಒಂದು ವಿಧಿವಾಕ್ಯದ ವ್ಯಾಖ್ಯಾನ

ಮನೆಯಲ್ಲೇ ಹುಸಿಮೀನು ಕೆತ್ತಿ ಗಾಳಕ್ಕೆ ಕಟ್ಟುವವರ ರೂಢಿಯನ್ನೆಲ್ಲ ಒಂದೇ ವಾಕ್ಯಕ್ಕೆ ಇಳಿಸಿದರೆ ಅದು ಹೀಗಾಗುತ್ತದೆ:

“ಬಾಗಿದರೂ ಮುರಿಯದ ತೆಳುಹಲಗೆಯಿಂದ ತುಟಿಯನ್ನು ಕೊಯ್ದು, ಹುಸಿಮೀನಿನ ಗಲ್ಲದಡಿ ಓರೆಯಾಗಿ ನೆಟ್ಟು, ಕೊಂಡಿಯನ್ನು ಅದರ ಸಮೀಪದಲ್ಲಿಟ್ಟು, ಹೊಟ್ಟೆಯಲ್ಲಿ ತಕ್ಕಷ್ಟು ಸೀಸವಡಗಿಸಿ, ನೀರಿಗಿಟ್ಟು ನೋಡಿ ತಿದ್ದತಕ್ಕದ್ದು.”

ಮೊದಲು ವಾಕ್ಯದಲ್ಲಿ ಇಲ್ಲದಿರುವುದನ್ನು ನೋಡಬೇಕು. ಮಾಡತಕ್ಕದ್ದನ್ನು ಹೇಳಿದೆ, ಮಾಡುವುದರ ಫಲವನ್ನು ಹೇಳಿಲ್ಲ. ಆದಕಾರಣ ‘ಓಲಾಟ ಹುಟ್ಟುವಂತೆ’ ಎಂಬ ಮಾತನ್ನು ಅಧ್ಯಾಹಾರದಿಂದ, ಅಂದರೆ ಬಿಟ್ಟುಹೋದ ಪದವನ್ನು ಹೊರಗಿನಿಂದ ತಂದು, ಕೂಡಿಸಿಕೊಳ್ಳಬೇಕು. ಓಲಾಟವೆಂದರೆ ಎಳೆದಾಗ ಹುಸಿಮೀನು ನೆಟ್ಟಗೆ ಬಾರದೆ ಎಡಕ್ಕೂ ಬಲಕ್ಕೂ ತೊನೆಯುತ್ತ ಬರುವುದು. ತನ್ನ ಅಕ್ಷದ ಸುತ್ತ ಪೂರ್ತಿ ಗಿರಕಿ ಹೊಡೆಯುವುದು ಓಲಾಟವಲ್ಲ. ಗಿರಕಿಯಿಂದ ದಾರ ಹುರಿಗೊಂಡು ಸಿಕ್ಕಾಗುತ್ತದೆ.

‘ಹುಸಿಮೀನಿನ’ ಎಂಬಲ್ಲಿ, ಮರ, ಬೆಂಡು ಅಥವಾ ಪ್ಲಾಸ್ಟಿಕ್ಕಿನಲ್ಲಿ ಮೀನಿನ ಆಕಾರ ತಳೆದು ಗಾಳದ ಕೊಕ್ಕೆಗಳನ್ನು ಹೊತ್ತ ಲ್ಯೂರ್ ಎಂದರ್ಥ. ಇಲ್ಲಿ ಒಂದು ಶಂಕೆ: ಆಕಾರವೂ ಬಣ್ಣವೂ ಮೀನಿನದೇ ಆಗಿದ್ದ ಮೇಲೆ ಓಲಾಟವೇಕೆ? ಸಮಾಧಾನ: ಹಿಡಿದು ತಿನ್ನುವ ಮೀನು ಗುಂಪಿನಲ್ಲಿ ಚೆನ್ನಾಗಿ ಈಜುವ ಮೀನುಗಳನ್ನು ಬಿಟ್ಟು, ತಪ್ಪಾಗಿ ಈಜುವ ಮೀನಿನ ಮೇಲೆ ಎರಗುತ್ತದೆ. ಫಿನ್‌ಲೆಂಡಿನ ಮೀನುಗಾರ ಲೌರಿ ರಾಪಾಲಾ ಸರೋವರದಲ್ಲಿ ದೋಣಿಯಿಂದ ಕಂಡದ್ದು ಇದನ್ನೇ. ಗಾಯಗೊಂಡು ಸ್ವಲ್ಪ ವಾಲಿ ಈಜುವ ಮರಿಯನ್ನೇ ಪೈಕ್ ಮೀನು ಆರಿಸಿಕೊಳ್ಳುತ್ತಿತ್ತು. 1936ರಲ್ಲಿ ಅವನು ಚಮ್ಮಾರರ ಚಾಕುವಿನಿಂದ ಬೆಂಡನ್ನು ಕೆತ್ತಿ, ಚಾಕೊಲೇಟಿನ ಬೇಗಡೆಯನ್ನು ಮೈಗೆ ಸುತ್ತಿ, ಅರಗು ಕೊಳ್ಳಲು ಹಣವಿಲ್ಲದ್ದರಿಂದ ಫೋಟೋ ನೆಗೆಟಿವ್‌ಗಳನ್ನು ಕರಗಿಸಿ ಬಳಿದು ತನ್ನ ಹುಸಿಮೀನನ್ನು ಮಾಡಿದ. ಇಂದು ಲೋಕದಲ್ಲೆಲ್ಲ ಮಾರಾಟವಾಗುವ ರಾಪಾಲಾ ಎಂಬ ಹೆಸರಿನ ಹಿಂದೆ ಇರುವುದು ಅಡುಗೆಮನೆಯ ಮಟ್ಟದ ಕೈಕೆಲಸ. ಮನೆಯಲ್ಲಿ ಮಾಡಿದ್ದು ಕೀಳೆಂದು ಹಿಂಜರಿಯುವವರಿಗೆ ಇಷ್ಟು ಸಾಕು. ಇನ್ನು ಕಣ್ಣಿಗೆ ಏನೂ ಕಾಣದ ಕಲಕು ನೀರಿನಲ್ಲೂ ಓಲಾಟ ಕೆಲಸ ಮಾಡುತ್ತದೆ. ಮೀನಿನ ಎರಡು ಮಗ್ಗುಲಲ್ಲೂ ಉದ್ದಕ್ಕೆ ಹರಿದಿರುವ ಪಾರ್ಶ್ವರೇಖೆ ಎಂಬ ಇಂದ್ರಿಯವು ನೀರಿನ ಸಣ್ಣ ಅಲುಗಾಟವನ್ನೂ ಗ್ರಹಿಸುತ್ತದೆ.

‘ಬಾಗಿದರೂ ಮುರಿಯದ’ ಎಂಬ ವಿಶೇಷಣ ಅಲಂಕಾರಕ್ಕೆ ಬಂದದ್ದಲ್ಲ. ತುಟಿಯು ಬಂಡೆಗೆ, ಬೊಡ್ಡೆಗೆ, ದೋಣಿಯ ಅಂಚಿಗೆ ಬಡಿಯುತ್ತಲೇ ಇರುತ್ತದೆ. ಅಕ್ರಿಲಿಕ್ ಹಲಗೆ ನೋಡಲು ಗಾಜಿನಂತೆ ಚೆಲುವು, ಆದರೆ ಬಡಿದರೆ ಸೀಳುತ್ತದೆ. ಪಾಲಿಕಾರ್ಬನೇಟ್ ಬಾಗುತ್ತದೆ, ಸೀಳುವುದಿಲ್ಲ. ಈ ಪಾಲಿಕಾರ್ಬನೇಟ್ ಎಲ್ಲಿ ಸಿಕ್ಕೀತೆಂದು ಹುಡುಕಬೇಕಿಲ್ಲ. ಹಾಡು ಕೇಳಿ ಮೂಲೆಗೆಸೆದ ಸಿ.ಡಿ.ಯೇ ಅದು, 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬನೇಟ್ ತಟ್ಟೆ. ಮೇಲಿನ ಬಣ್ಣದ ಪದರಕ್ಕೆ ಚಾಕುವಿನಿಂದ ಗೀರು ಹಾಕಿ, ಅಗಲವಾದ ಅಂಟುಪಟ್ಟಿಯನ್ನು ಒತ್ತಿ ಹಚ್ಚಿ ಸರಕ್ಕನೆ ಎಳೆದರೆ ಬೆಳ್ಳಿಯ ಪೊರೆ ಕಿತ್ತುಬಂದು ತಿಳಿಯಾದ ಹಲಗೆ ಉಳಿಯುತ್ತದೆ. ಡಿ.ವಿ.ಡಿ. ಇದಕ್ಕೆ ಆಗದು. ಅದು ಎರಡು ತೆಳು ತಟ್ಟೆಗಳನ್ನು ಅಂಟಿಸಿದ್ದಾದ್ದರಿಂದ ಕೊಯ್ಯುವಾಗ ಬಿಚ್ಚಿಕೊಳ್ಳುತ್ತದೆ. ಸಿ.ಡಿ. ಇಡುವ ಡಬ್ಬಿಯೂ ಆಗದು. ಅದು ಪಾಲಿಸ್ಟೈರೀನ್, ಬೆರಳಲ್ಲೇ ಲಟಕ್ಕೆನ್ನುತ್ತದೆ.

‘ತೆಳು’ ಎಂದದ್ದಕ್ಕೆ ಬೇರೆಯೇ ಕಾರಣ. ದಪ್ಪ ಅಂಚು ನೀರನ್ನು ಮೆಲ್ಲಗೆ ಜಾರಿಸುತ್ತದೆ, ತೆಳು ಅಂಚು ಕಡಿದುಹಾಕುತ್ತದೆ. ಕಡಿದ ನೀರು ಸುಳಿಯಾಗುತ್ತದೆ, ಆ ಸುಳಿಯೇ ಓಲಾಟದ ಬೀಜ. ಇದನ್ನು ಬಲ್ಲವರು ಎಲೆಕ್ಟ್ರಾನಿಕ್ ಸಲಕರಣೆಗಳಲ್ಲಿ ಬಳಸುವ ಸರ್ಕ್ಯೂಟ್ ಬೋರ್ಡಿನ ಹಲಗೆಯನ್ನು ಮೆಚ್ಚುತ್ತಾರೆ. ಗಾಜಿನ ನಾರು ಸೇರಿರುವುದರಿಂದ ಒಂದು ಮಿಲಿಮೀಟರಿಗಿಂತ ತೆಳುವಾಗಿದ್ದರೂ ಅದು ಸೆಟೆದು ನಿಲ್ಲುತ್ತದೆ. ಕೊಯ್ಯುವಾಗ ಏಳುವ ಅದರ ಧೂಳನ್ನು ಮಾತ್ರ ಉಸಿರಾಡಬಾರದು.

‘ತುಟಿಯನ್ನು’ ಎಂಬಲ್ಲಿ ಇಡೀ ವಾಕ್ಯದ ಜೀವವಿದೆ. ತುಟಿಯೆಂದರೆ ಹುಸಿಮೀನಿನ ಮುಂಭಾಗದಲ್ಲಿ ಕೆಳಮುಖವಾಗಿ ಚಾಚಿದ ನಾಲಗೆಯಂಥ ಹಲಗೆ. ದಾರವನ್ನು ಎಳೆದಾಗ ಎದುರು ನೀರು ಅದರ ಮುಖಕ್ಕೆ ಬಡಿದು ಮೂತಿಯನ್ನು ಕೆಳಗೆ ಒತ್ತುತ್ತದೆ. ಮೀನು ಮುಳುಗುತ್ತದೆ. ಇದು ಮೊದಲ ಕೆಲಸ. ಬಡಿದ ನೀರು ಮುಂದೆ ದಾರಿಯಿಲ್ಲದೆ ಎರಡು ಅಂಚುಗಳಿಂದಲೂ ಹೊರಳುತ್ತದೆ. ಆದರೆ ಎರಡೂ ಕಡೆ ಏಕಕಾಲಕ್ಕೆ ಸುಳಿ ಕಳಚುವುದಿಲ್ಲ. ಒಮ್ಮೆ ಎಡಗಡೆ, ಆಮೇಲೆ ಬಲಗಡೆ, ಹೀಗೆ ಸರದಿಯಲ್ಲಿ. ಅಡ್ಡವಿಟ್ಟ ವಸ್ತುವಿನ ಹಿಂದೆ ಸುಳಿಗಳು ಈ ರೀತಿ ಸಾಲುಗಟ್ಟುವುದನ್ನು 1911ರಲ್ಲಿ ಗಣಿತದಿಂದ ವಿವರಿಸಿದವನು ಥಿಯೋಡರ್ ಫಾನ್ ಕಾರ್ಮನ್. ಸೇತುವೆಯ ಕಂಬದ ಹಿಂದೆ ಹೊಳೆ ಹೊರಳುವುದೂ, ಗಾಳಿಗೆ ತಂತಿ ಗುಂಯ್‌ಗುಡುವುದೂ ಇದೇ ನಿಯಮದಿಂದ. ಸುಳಿ ಹುಟ್ಟಿದ ಕಡೆ ಒತ್ತಡ ತಗ್ಗುತ್ತದೆ, ಮೂತಿ ಅತ್ತ ಸೆಳೆಯಲ್ಪಡುತ್ತದೆ. ಮರುಕ್ಷಣ ಇತ್ತ. ಇದು ಎರಡನೆಯ ಕೆಲಸ. ವೇಗ ಹೆಚ್ಚಿದಷ್ಟೂ ಸರದಿ ಚುರುಕಾಗುತ್ತದೆ, ಅಗಲ ಹೆಚ್ಚಿದಷ್ಟೂ ನಿಧಾನವಾಗುತ್ತದೆ. ಆದುದರಿಂದ ಅಗಲ ತುಟಿಯ ಮೀನು ಹರವಾಗಿ ಓಲಾಡುತ್ತದೆ, ಕಿರಿದಾದ ತುಟಿಯದು ಬಿಗಿಯಾಗಿ ನಡುಗುತ್ತದೆ.

‘ಕೊಯ್ದು’ ಎಂದರೆ ಕತ್ತರಿಸಿ ಎಂದಷ್ಟೇ ಅಲ್ಲ, ಸಮಾಂಗವಾಗಿ ಕತ್ತರಿಸಿ ಎಂದು ತಿಳಿಯಬೇಕು. ಕಾಗದವನ್ನು ಮಡಚಿ ಅರ್ಧ ತುಟಿಯನ್ನು ಬರೆದು ಕತ್ತರಿಸಿ ಬಿಡಿಸಿದರೆ ಎಡಬಲಗಳು ತಾವಾಗಿಯೇ ಹೊಂದುತ್ತವೆ. ಅದನ್ನು ಹಲಗೆಯ ಮೇಲಿಟ್ಟು ಗೀಚಿ, ಗೆರೆಯ ಹೊರಗೆ ಕೊಯ್ದು, ಗೆರೆಯವರೆಗೆ ಅರದಿಂದ ಉಜ್ಜುವುದು ಕ್ರಮ. ಸಿ.ಡಿ.ಯನ್ನು ಬಿಸಿನೀರಿನಲ್ಲಿ ಅದ್ದಿ ಕತ್ತರಿಸಿದರೆ ಅಂಚಿನಲ್ಲಿ ಬಿರುಕು ಕಡಮೆ. ಚೌಕ ತುಟಿ ಮುಳುಗಿದ ಕೊಂಬೆಗೆ ತಾಗಿದಾಗ ಪಕ್ಕಕ್ಕೆ ಹಾರಿ ತಪ್ಪಿಸಿಕೊಳ್ಳುತ್ತದೆ. ದುಂಡುತುಟಿ ತೆರೆದ ನೀರಿಗೆ.

‘ಗಲ್ಲದಡಿ’ ಸುಲಭ: ಮೂತಿಯ ತುದಿಗಿಂತ ತುಸು ಹಿಂದೆ, ಕೆಳಗೆ. ‘ಓರೆಯಾಗಿ’ ಎಂಬುದೇ ಕಷ್ಟ. ಮೈಯ ಉದ್ದಕ್ಕೆ ಎಳೆದ ಗೆರೆಯೊಡನೆ ತುಟಿ ಎಷ್ಟು ಕೋನ ಮಾಡುತ್ತದೆಂಬುದರ ಮೇಲೆ ಆಳವೂ ಓಲಾಟವೂ ನಿಂತಿವೆ. ತುಟಿ ಲಂಬಕ್ಕೆ ಹತ್ತಿರವಾಗಿ ಕೆಳಕ್ಕಿಳಿದಿದ್ದರೆ ಮೀನು ಮೇಲಿನ ನೀರಲ್ಲೇ ಜೋರಾಗಿ ತೊನೆಯುತ್ತದೆ. ಮೂತಿಯ ನೇರಕ್ಕೆ ಮುಂದೆ ಚಾಚಿದ್ದರೆ ಆಳಕ್ಕೆ ಧುಮುಕುತ್ತದೆ, ಓಲಾಟ ಕಿರಿದಾಗುತ್ತದೆ. ಕಳೆ ಬೆಳೆದ ಕೆರೆಗೆ ಮೊದಲನೆಯದು, ಆಳದ ಜಲಾಶಯಕ್ಕೆ ಎರಡನೆಯದು. ಹೊಸಬರಿಗೆ ಇವೆರಡರ ನಡುವಿನ ನಲವತ್ತೈದು ಡಿಗ್ರಿಯೇ ಕ್ಷೇಮ.

‘ನೆಟ್ಟು’ ಎಂಬಲ್ಲಿ ಕಾಲಕ್ರಮ ಅಡಗಿದೆ. ಮರದ ತುಂಡು ಚೌಕವಾಗಿರುವಾಗಲೇ ತುಟಿಯ ಸೀಳನ್ನು ಗರಗಸದಿಂದ ಕೊಯ್ದಿಡಬೇಕು. ದುಂಡಗೆ ಕೆತ್ತಿದ ಮೇಲೆ ಅಳೆಯಲು ನೇರ ಮುಖವೇ ಉಳಿಯುವುದಿಲ್ಲ. ಒಳಗೆ ಹೋಗುವ ಭಾಗವನ್ನು ಮರಳುಕಾಗದದಿಂದ ಉಜ್ಜಿ ಒರಟು ಮಾಡಿ, ಒಂದೆರಡು ತೂತು ಕೊರೆದರೆ ಎಪಾಕ್ಸಿ ಅಂಟು ತೂತಿನಲ್ಲಿ ಹೊಕ್ಕು ಗೂಟದಂತೆ ಹಿಡಿಯುತ್ತದೆ. ಚೆಲ್ಲಿದ ಅಂಟನ್ನು ಅಸಿಟೋನಿನಿಂದ ಒರೆಸಬಾರದು. ಪಾಲಿಕಾರ್ಬನೇಟ್ ಬೆಳ್ಳಗಾಗಿ ಬಿರಿಯುತ್ತದೆ. ನೆಡಲು ಮರವೇ ಇಲ್ಲದ, ಗರಿ ಮತ್ತು ನೂಲಿನಿಂದ ಕಟ್ಟಿದ ‘ಫ್ಲೈ’ ಎಂಬ ಹಗುರ ಹುಸಿಎರೆಗೆ ಏನು ಗತಿ? ಅಲ್ಲಿ ನೀರಿನ ಬಾಟಲಿಯಿಂದ ನಾಲಗೆಯಾಕಾರದ ಚೂರನ್ನು ಕತ್ತರಿಸಿ, ಅದರ ಬಾಲವನ್ನು ಕೊಕ್ಕೆಯ ಕಾಂಡದಡಿ ನೂಲಿನಿಂದ ಬಿಗಿದು, ಮೇಲೊಂದು ಹನಿ ಅಂಟು ಬಿಡುತ್ತಾರೆ. ಬಾಟಲಿಗೆ ಹುಟ್ಟಿನಿಂದ ಬಂದ ಬಾಗು ಮುಂದಕ್ಕೆ ಬೊಗಸೆಯೊಡ್ಡಿದರೆ ಇಷ್ಟು ಸಣ್ಣ ವಸ್ತುವೂ ಒದ್ದಾಡುತ್ತದೆ.

‘ಕೊಂಡಿಯನ್ನು ಅದರ ಸಮೀಪದಲ್ಲಿಟ್ಟು’: ಕೊಂಡಿಯೆಂದರೆ ದಾರ ಕಟ್ಟುವ ತಂತಿಯ ಕಣ್ಣು. ‘ಅದರ’ ಎಂಬ ಸರ್ವನಾಮ ತುಟಿಗೆ ಸಲ್ಲುತ್ತದೆ, ಮೀನಿಗಲ್ಲ. ಎಳೆತದ ಬಿಂದುವನ್ನು ಆಧಾರವಾಗಿಟ್ಟುಕೊಂಡೇ ಇಡೀ ಮೈ ತೂಗುತ್ತದಾದ್ದರಿಂದ ಕೊಂಡಿ ನೆತ್ತಿಯ ಮೇಲೆ ದೂರ ಹೋದಷ್ಟೂ ತುಟಿಯ ಹಿಡಿತ ಕೆಡುತ್ತದೆ. ಮೀನು ಒಂದೋ ಮಂಕಾಗುತ್ತದೆ, ಇಲ್ಲವೇ ಮಗುಚುತ್ತದೆ. ಆಳಕ್ಕಿಳಿಯುವ ಉದ್ದತುಟಿಯ ಮೀನುಗಳಲ್ಲಿ ಕೊಂಡಿಯನ್ನು ತುಟಿಯ ಮೇಲೆಯೇ ಕೂರಿಸಿರುವುದು ಇದರಿಂದಲೇ.

‘ತಕ್ಕಷ್ಟು ಸೀಸ’ ಎಂಬಲ್ಲಿ ‘ತಕ್ಕಷ್ಟು’ ಮುಖ್ಯ, ಸೀಸ ಅಮುಖ್ಯ. ತುಟಿ ಮೀನನ್ನು ಸದಾ ಕೆಡವಲು ನೋಡುತ್ತದೆ, ಹೊಟ್ಟೆಯಡಿಯ ಭಾರ ಸದಾ ಎತ್ತಿ ನಿಲ್ಲಿಸುತ್ತದೆ. ಓಲಾಟ ಈ ಎರಡರ ಜಗಳದಲ್ಲಿ ಹುಟ್ಟಿದ್ದು, ತುಟಿಯೊಂದರ ಕೊಡುಗೆಯಲ್ಲ. ಭಾರ ಸಾಲದಿದ್ದರೆ ವೇಗದಲ್ಲಿ ಎಳೆದಾಗ ಮೀನು ಬೆನ್ನಡಿಯಾಗಿ ಮೇಲೆದ್ದು ಬರುತ್ತದೆ. ಅತಿಯಾದರೆ ಕಡ್ಡಿಯಂತೆ ನೆಟ್ಟಗೆ ಬರುತ್ತದೆ, ತುಟಿ ಇದ್ದೂ ವ್ಯರ್ಥ. ‘ಹೊಟ್ಟೆಯಲ್ಲಿ’ ಎಂದರೆ ಆದಷ್ಟು ಕೆಳಗೆ, ಮುಂದಿನ ಕೊಕ್ಕೆಯ ಆಸುಪಾಸು. ಬಾಲಕ್ಕೆ ಭಾರ ಹಾಕಿದರೆ ಎಸೆತ ದೂರ ಹೋದೀತು, ಓಲಾಟ ಕುಗ್ಗೀತು. ಸೀಸ ವಿಷವೆಂಬುದನ್ನು ಮರೆಯಬಾರದು. ಗಾಳದ ಸೀಸದ ಗುಂಡು ನುಂಗಿ ಹಂಸಗಳು ಸಾಯುತ್ತಿದ್ದವೆಂದು ಇಂಗ್ಲೆಂಡಿನಲ್ಲಿ 1987ರಲ್ಲಿ ಸಣ್ಣ ಸೀಸದ ಭಾರಗಳ ಮಾರಾಟವನ್ನೇ ನಿಷೇಧಿಸಿದರು. ಹಿತ್ತಾಳೆ ಅಥವಾ ಉಕ್ಕಿನ ಗುಂಡು ಹಾಕಿದರೂ ವಿಧಿಗೆ ಲೋಪವಿಲ್ಲ. ಅವು ಹಗುರವಾದ್ದರಿಂದ ಜಾಗ ಹೆಚ್ಚು ಬೇಡುತ್ತವೆ, ಅಷ್ಟೇ.

‘ನೀರಿಗಿಟ್ಟು ನೋಡಿ’: ಎರಡು ಸಲ ನೋಡಬೇಕು. ಬಣ್ಣ ಬಳಿಯುವ ಮೊದಲೇ ಕೊಕ್ಕೆಗಳನ್ನು ತೂಗುಹಾಕಿ ಬಕೆಟ್ಟಿನಲ್ಲಿ ತೇಲಿಸಿ, ಬೆನ್ನು ಮೇಲಾಗಿ ನಿಲ್ಲುವುದೇ ಎಂದು ನೋಡುವುದು ಒಂದು. ಎಲ್ಲ ಮುಗಿದ ಮೇಲೆ ತೊಟ್ಟಿಯಲ್ಲೋ ನಿಂತ ನೀರಿನಲ್ಲೋ ಎಳೆದು ನೋಡುವುದು ಇನ್ನೊಂದು. ಕೊಕ್ಕೆಯಿಲ್ಲದೆ ಮಾಡಿದ ಪರೀಕ್ಷೆ ಪರೀಕ್ಷೆಯಲ್ಲ. ಕೊಕ್ಕೆಯೂ ಭಾರವೇ.

‘ತಿದ್ದತಕ್ಕದ್ದು’ ಎಂಬುದು ಕೊಂಡಿಯನ್ನು ಕುರಿತದ್ದು, ತುಟಿಯನ್ನಲ್ಲ. ತನ್ನತ್ತ ಬರುವ ಮೀನು ಎಡಕ್ಕೆ ವಾಲಿ ಓಡಿದರೆ, ಅದರ ಮೂತಿಯನ್ನು ತನ್ನ ಕಡೆ ತಿರುಗಿಸಿ ಹಿಡಿದು, ಇಕ್ಕಳದಿಂದ ಕೊಂಡಿಯನ್ನು ಬಲಕ್ಕೆ ಬಗ್ಗಿಸಬೇಕು. ಬಲಕ್ಕೆ ಓಡಿದರೆ ಎಡಕ್ಕೆ. ಬಗ್ಗಿಸಿದ್ದು ಕಣ್ಣಿಗೆ ಕಂಡರೆ ಅತಿಯಾಯಿತೆಂದೇ ಲೆಕ್ಕ. ಪ್ರತಿ ಸಲ ಬಗ್ಗಿಸಿದ ಮೇಲೂ ಮತ್ತೆ ಎಳೆದು ನೋಡಬೇಕು, ಮೊದಲು ನಿಧಾನವಾಗಿ, ಆಮೇಲೆ ರಭಸದಿಂದ. ನಿಧಾನದಲ್ಲಿ ನೆಟ್ಟಗೆ ಬಂದು ರಭಸದಲ್ಲಿ ಮಾತ್ರ ಪಕ್ಕಕ್ಕೆ ಸಿಡಿಯುವ ಮೀನಿನಲ್ಲಿ ದೋಷ ಇನ್ನೂ ಸ್ವಲ್ಪ ಉಳಿದಿದೆ. ಕೊಂಡಿಯನ್ನು ಎಷ್ಟು ಬಗ್ಗಿಸಿದರೂ ಒಂದೇ ಕಡೆಗೆ ಓಡುತ್ತಿದ್ದರೆ ತುಟಿಯೇ ಸೊಟ್ಟ ಕೂತಿದೆ. ಆಗ ಅದನ್ನು ಬುಡಕ್ಕೆ ಕತ್ತರಿಸಿ, ಸೀಳನ್ನು ಮತ್ತೆ ಬಿಡಿಸಿಕೊಂಡು, ಹೊಸ ತುಟಿಯನ್ನು ನೆಡುವುದೇ ದಾರಿ.