ಗೋಕಾಕದ ಕಟ್ಟಿಗೆಯ ಹಣ್ಣು

ಗೋಕಾಕ ಅಂದರೆ ಹೊರಗಿನವರಿಗೆ ಕರದಂಟು, ಘಟಪ್ರಭೆಯ ಜಲಪಾತ. ನನಗೆ ಮೊದಲು ನೆನಪಾಗುವುದು ಅಲ್ಲಿಯ ಜೀನಗಾರ ಕುಶಲಕರ್ಮಿಗಳು ಮಾಡುವ ಹಣ್ಣು, ಕಾಯಿಪಲ್ಲೆ. ಅದು ಹಗುರ ಕಟ್ಟಿಗೆ ಎಂಬುದು ಕೈಗೆತ್ತಿಕೊಂಡ ಮೇಲೆಯೇ ಗೊತ್ತಾಗುವುದು.

ಇದು ಮನೆತನದ ಕಸುಬು, ಮನೆಯೇ ಕಾರ್ಯಾಗಾರ. ಒಣಗಿದ ಮೆದು ಮರವನ್ನು ಉಳಿಯಿಂದ ಕೆತ್ತುತ್ತಾರೆ. ಹಣ್ಣಲ್ಲದೆ ಗೊಂಬೆಯಾದರೆ ಕೈಕಾಲು ಬೇರೆಯಾಗಿ ಮಾಡಿ ಅಂಟಿಸುತ್ತಾರೆ. ಆಮೇಲೆ ಹುಣಸೆಬೀಜದ ಅಂಟಿಗೆ ಕಟ್ಟಿಗೆಯ ಪುಡಿ ಕಲಸಿ ಸಂದು, ಬಿರುಕು ತುಂಬುವುದು, ತಿಕ್ಕಿ ನುಣುಪು ಮಾಡುವುದು, ಬಿಳಿಯ ಲೇಪ, ಕೊನೆಗೆ ಬಣ್ಣ. ಕಸುಬಿನ ಜಾಣ್ಮೆಯೆಲ್ಲ ಈ ಲೇಪದಲ್ಲಿದೆ ಎಂದೇ ನನ್ನ ನಂಬಿಕೆ. ಉಳಿಯ ಗುರುತು ಪೂರ್ತಿ ಅಳಿಯದಿದ್ದರೆ ಮೇಲಿನ ಬಣ್ಣ ಸಿಪ್ಪೆಯಾಗುವುದಿಲ್ಲ, ಬರೀ ಬಣ್ಣವಾಗಿಯೇ ಉಳಿಯುತ್ತದೆ. ಮಾವಿನ ತೊಟ್ಟಿನ ಬಳಿ ಹಸಿರು ಹಳದಿಗೆ ಕರಗುವ ಆ ಬೆರಳಗಲದ ಜಾಗವನ್ನು ಎಷ್ಟು ನೋಡಿದರೂ ಸಾಲದು!

ಕಟ್ಟಿಗೆಯ ಗೊಂಬೆಗಳನ್ನು ಬೇರೆ ಊರುಗಳಲ್ಲೂ ಮಾಡುತ್ತಾರೆ: ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಅರಗಿನ ಬಣ್ಣ ಹಿಡಿಸುತ್ತಾರೆ. ಕೊಪ್ಪಳದ ಕಿನ್ನಾಳದಲ್ಲಿ ದೇವರು, ಗರುಡ, ಪಲ್ಲಕ್ಕಿಯ ವೈಭವ. ಗೋಕಾಕದವರು ಸಂತೆಯ ಬುಟ್ಟಿಯನ್ನೂ ಊರ ಜನರ ದಿನದ ದುಡಿಮೆಯನ್ನೂ ಕೆತ್ತನೆಗೆ ಆರಿಸಿಕೊಂಡರು. ಆ ಆಯ್ಕೆಗೇ ನನ್ನ ಹೆಚ್ಚಿನ ಮೆಚ್ಚುಗೆ.

ಇವರ ಕೆಲಸವನ್ನು ವಸ್ತುಸಂಗ್ರಹಾಲಯದಲ್ಲಿ ಇಡುವವರು ಬಣ್ಣ ಹಚ್ಚಿದ ಹಣ್ಣಿನ ಪಕ್ಕದಲ್ಲಿ ಅರ್ಧ ಕೆತ್ತಿದ್ದೊಂದನ್ನೂ, ಬರೀ ಲೇಪ ಹಚ್ಚಿದ್ದೊಂದನ್ನೂ ಇಡಬೇಕು. ನೋಡುವವರಿಗೆ ಕೈಕೆಲಸ ಕಾಣಬೇಕಾದದ್ದು ಅಲ್ಲಿ.