ನಿವೃತ್ತ ಶಿಕ್ಷಕರ ಲಲಿತ ಪ್ರಬಂಧಗಳು: ಗಡಿನಾಡಿನ ಓದುಗನೊಬ್ಬನ ಟಿಪ್ಪಣಿ

ನಮ್ಮ ಭಾಗದ ಕನ್ನಡ ಸಂಘಗಳು ಹೊರತರುವ ಸ್ಮರಣ ಸಂಚಿಕೆಗಳನ್ನು ತೆರೆದು ನೋಡಿದರೆ ಒಂದು ಬಗೆಯ ಬರಹ ತಪ್ಪದೆ ಕಣ್ಣಿಗೆ ಬೀಳುತ್ತದೆ. ಬರೆದವರು ನಿವೃತ್ತ ಶಿಕ್ಷಕರು. ವಿಷಯ ಬೆಳಗಿನ ತಿರುಗಾಟ, ಕಟ್ಟೆಯ ಮೇಲಿನ ಚಹಾ, ಮೊಮ್ಮಗಳ ತೊದಲು ಮಾತು, ಮಾಗಿಯ ಎಳೆಬಿಸಿಲು, ಹೊಲದ ಬದುವಿನಲ್ಲಿ ಕುಳಿತು ತಿಂದ ಸೀತನಿ. ಅಧ್ಯಕ್ಷರ ಸಂದೇಶ, ಕಾರ್ಯಕಾರಿ ಸಮಿತಿಯ ಭಾವಚಿತ್ರ, ಅಂಗಡಿಗಳ ಜಾಹೀರಾತು ಇವುಗಳ ನಡುವೆ ಎರಡು ಪುಟ ಜಾಗ ಪಡೆಯುವ ಈ ಬರಹಗಳನ್ನು ಮನೆಮಂದಿಯೆಲ್ಲ ಮೊದಲು ಓದುತ್ತಾರೆ. ವಿಮರ್ಶಕರು ಮಾತ್ರ ಓದುವುದಿಲ್ಲ. ಕವಿತೆಯ ಬಗ್ಗೆ, ಕಾದಂಬರಿಯ ಬಗ್ಗೆ ಗೋಷ್ಠಿಗಳು ನಡೆಯುತ್ತವೆ. ಇವುಗಳ ಬಗ್ಗೆ ಗೋಷ್ಠಿ ನಡೆದದ್ದನ್ನು ನಾನು ಕಂಡಿಲ್ಲ. ಪ್ರೀತಿಯಿಂದ ಓದಿಸಿಕೊಳ್ಳುವ ಬರಹಕ್ಕೆ ನಿಷ್ಠುರವಾದ ಓದೂ ಸಲ್ಲಬೇಕೆಂಬುದು ನನ್ನ ಎಣಿಕೆ. ನಾನೂ ಮೂರು ದಶಕಕ್ಕೂ ಹೆಚ್ಚು ಕಾಲ ಖಡು ಹಿಡಿದು ಬಾಳಿದವನು. ಇಂಥ ಪ್ರಬಂಧಗಳನ್ನು ನಾನೂ ಬರೆದಿದ್ದೇನೆ. ಮುಂದೆ ಹೇಳಲಿರುವ ದೋಷಗಳಲ್ಲಿ ನನ್ನ ಪಾಲೂ ಇದೆ.

ಈ ಪ್ರಕಾರಕ್ಕೆ ಕನ್ನಡದಲ್ಲಿ ಒಳ್ಳೆಯ ಮನೆತನವಿದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಹಳ್ಳಿಯ ಚಿತ್ರಗಳು' 1930ರಲ್ಲಿ, ಎ.ಎನ್. ಮೂರ್ತಿರಾಯರ 'ಹಗಲುಗನಸುಗಳು' 1937ರಲ್ಲಿ ಪ್ರಕಟವಾದವು. ಮೂರ್ತಿರಾಯರು ಮೈಸೂರಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದವರು. 1900ರಲ್ಲಿ ಹುಟ್ಟಿ 2003ರವರೆಗೆ ಬಾಳಿದವರು. ಅಂದಮೇಲೆ ನಿವೃತ್ತಿಯ ನಂತರದ ಬದುಕೇ ಅವರಿಗೆ ಅರ್ಧ ಶತಮಾನದಷ್ಟಾಯಿತು. 'ಅಪರವಯಸ್ಕನ ಅಮೆರಿಕಾ ಯಾತ್ರೆ', 'ಸಂಜೆಗಣ್ಣಿನ ಹಿನ್ನೋಟ' ಎಂಬ ಹೆಸರುಗಳಲ್ಲಿಯೇ ತಮ್ಮ ಮುಪ್ಪನ್ನು ತಾವೇ ನೋಡಿ ಮುಗುಳ್ನಗುವ ಗುಣವಿದೆ. ಅವರ 'ವ್ಯಾಘ್ರಗೀತೆ'ಯನ್ನು ಅನೇಕರು ಓದಿರುತ್ತೀರಿ. ಹಿಂದಿನಿಂದ ಎರಗುವುದು ಧರ್ಮವಲ್ಲವೆಂದು ನಂಬಿದ ಹುಲಿಯೊಂದು ಶಾನುಭೋಗನೊಬ್ಬನ ಬೆನ್ನು ಹತ್ತುತ್ತದೆ. ಅದರ ಧರ್ಮನಿಷ್ಠೆಯ ಗುಟ್ಟನ್ನು ತಿಳಿದ ಶಾನುಭೋಗ ಅದು ಎತ್ತ ಸುತ್ತಿದರೂ ಬೆನ್ನನ್ನೇ ತೋರಿಸುತ್ತಾನೆ. ಕೊನೆಗೆ ಊಟ ಕಳೆದುಕೊಳ್ಳುವುದು ಹುಲಿ. ಧರ್ಮಬೋಧೆ ಮಾಡುವ ಅಧಿಕಾರವಿದ್ದ ಅಧ್ಯಾಪಕ ಆ ಬೋಧೆಯನ್ನು ಹುಲಿಯ ತಲೆಗೆ ಕಟ್ಟಿ, ಓದುಗನೊಡನೆ ತಾನೂ ನಕ್ಕುಬಿಟ್ಟ. ಪಾಠ ಹೇಳುವವನು ಪಾಠವನ್ನು ಮರೆತಾಗ ಪ್ರಬಂಧ ಹುಟ್ಟುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯದು.

ನಮ್ಮ ಬರಹಗಳಲ್ಲಿ ಆಗುವುದು ಇದಕ್ಕೆ ತಿರುಗುಮುರುಗು. ಮಹಾರಾಷ್ಟ್ರದ ಶಾಲೆಗಳಲ್ಲಿ ಕಲಿತವರಿಗೆ, ಕಲಿಸಿದವರಿಗೆ ಬೆಳಗಿನ ಪರಿಪಾಠ ನೆನಪಿರುತ್ತದೆ. ಪ್ರಾರ್ಥನೆ, ಪ್ರತಿಜ್ಞೆ, ದಿನವಿಶೇಷ, ಆಮೇಲೆ ಸುವಿಚಾರ. ಫಳಾದ ಮೇಲ್ತುದಿಯಲ್ಲಿ ದುಂಡಗೆ ಬರೆದ ಆ ಒಂದು ಸಾಲು ಸಂಜೆಯವರೆಗೂ ಅಳಿಯುವಂತಿರಲಿಲ್ಲ. ಕನ್ನಡ ಶಾಲೆಯಿರಲಿ, ಮರಾಠಿ ಶಾಲೆಯಿರಲಿ, ಈ ಪದ್ಧತಿ ಒಂದೇ. ಅದನ್ನು ಮೂವತ್ತು ವರ್ಷ ಬರೆದ ಕೈ ನಿವೃತ್ತಿಯ ನಂತರವೂ ಬರೆಯುತ್ತದೆ. ವ್ಯತ್ಯಾಸವೆಂದರೆ ಶಾಲೆಯಲ್ಲಿ ಸುವಿಚಾರ ಮೇಲೆ ಇರುತ್ತಿತ್ತು, ಪ್ರಬಂಧದಲ್ಲಿ ಕೆಳಗೆ ಬಂದು ಕೂಡುತ್ತದೆ. ಸೀತನಿಯ ಬಗ್ಗೆ ಎಷ್ಟು ಚೆನ್ನಾಗಿ ಬರೆಯುತ್ತಾರೆ! ಕುಳ್ಳಿನ ಕೆಂಡ, ಅಂಗೈಯಲ್ಲಿ ತಿಕ್ಕುವಾಗಿನ ಬಿಸಿ, ಊದಿದಾಗ ಹಾರುವ ಹೊಟ್ಟು, ಹಾಲುತುಂಬಿದ ಜೋಳದ ಸಿಹಿ, ಪಕ್ಕದಲ್ಲಿ ಶೇಂಗಾ ಚಟ್ನಿ. ಬಾಯಲ್ಲಿ ನೀರು ಬರುವ ಹೊತ್ತಿಗೆ ಕೊನೆಯ ಪ್ಯಾರಾ ಬರುತ್ತದೆ: ಜೀವನವೂ ಬೆಂಕಿಯಲ್ಲಿ ಬೆಂದಾಗಲೇ ಸಿಹಿಯಾಗುತ್ತದೆ ಎಂಬ ಅರ್ಥದ ಒಂದು ವಾಕ್ಯ. ಓದುಗ ಹೊಲದಿಂದೆದ್ದು ಮತ್ತೆ ವರ್ಗದೊಳಗೆ ಬಂದು ಕೈಕಟ್ಟಿ ಕೂಡಬೇಕಾಗುತ್ತದೆ.

ಇದರಲ್ಲಿ ನೆರೆಯ ಮರಾಠಿಯ ಪ್ರಭಾವವೂ ಸ್ವಲ್ಪ ಇರಬಹುದು. ಸಾಂಗಲಿಯಲ್ಲಿ 1898ರಲ್ಲಿ ಹುಟ್ಟಿ, ಕೊಂಕಣದ ಶಿರೋಡಾದಲ್ಲಿ ಬಹುಕಾಲ ಶಾಲಾ ಶಿಕ್ಷಕರಾಗಿದ್ದ ವಿ.ಸ. ಖಾಂಡೇಕರರ ಪ್ರಬಂಧಗಳನ್ನು ನಮ್ಮ ಪೀಳಿಗೆಯ ಶಿಕ್ಷಕರು ಆಸೆಯಿಂದ ಓದಿದ್ದೇವೆ. ಆದರ್ಶದ ಕಡೆಗೆ ಬಾಗುವ, ಉಪಮೆಯಲ್ಲಿ ಮಾತನಾಡುವ ಅವರ ಶೈಲಿ ಅವರಿಗೆ ಒಪ್ಪುತ್ತದೆ. ಎರವಲು ತಂದವರಿಗೆ ದೊಗಳೆಯಾಗುತ್ತದೆ. ಅದೇ ಮರಾಠಿಯಲ್ಲಿ, ನಮ್ಮದೇ ಜಿಲ್ಲೆಯ ಆಟಪಾಡಿ ತಾಲೂಕಿನ ಮಾಡಗೂಳದವರಾದ ವ್ಯಂಕಟೇಶ ಮಾಡಗೂಳಕರರು ಇನ್ನೊಂದು ದಾರಿಯನ್ನು ತೋರಿಸಿದ್ದರು. 1955ರ 'ಬನಗರವಾಡಿ' ಕಾದಂಬರಿಯಲ್ಲಿ ಕುರಿಗಾರರ ವಾಡಿಗೆ ಬಂದ ಎಳೆಯ ಮಾಸ್ತರನೇ ಕಥೆ ಹೇಳುತ್ತಾನೆ. ಅವನು ಮಕ್ಕಳಿಗೆ ಕಲಿಸಲು ಬಂದವನು. ಓದುಗರಿಗೆ ಏನನ್ನೂ ಕಲಿಸಲು ಹೋಗುವುದಿಲ್ಲ. ನೋಡುತ್ತಾನೆ, ಕೇಳುತ್ತಾನೆ. ಬರ ಬಂದು ವಾಡಿ ಖಾಲಿಯಾಗುವುದನ್ನು ಕೂಡ ನೋಡಿದ ಹಾಗೆಯೇ ಹೇಳುತ್ತಾನೆ. ಬರವನ್ನು ಬಲ್ಲ ಜತ್ತದವರಿಗೆ ಆ ಪುಟಗಳಿಗೆ ವ್ಯಾಖ್ಯಾನ ಬೇಕಾಗಲಿಲ್ಲ.

ನನ್ನ ಮಾತಿನ ಬೇರು ಎಲ್ಲಿದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನಾನು ಐದನೆಯ ಇಯತ್ತೆಗೆ ಕನ್ನಡ ಕಲಿಸುತ್ತಿದ್ದಾಗ 'ನಮ್ಮ ಮನೆಯ ಮುಂಜಾನೆ' ಎಂಬ ವಿಷಯ ಕೊಟ್ಟು ನಿಬಂಧ ಬರೆಯಿಸಿದ್ದೆ. ಒಬ್ಬ ಹುಡುಗಿ ಬರೆದಿದ್ದಳು: "ನಮ್ಮವ್ವ ನಸುಕಿನ್ಯಾಗ ಎದ್ದು ರೊಟ್ಟಿ ಬಡಿತಾಳ. ಆ ಸಪ್ಪಳಕ್ಕ ನನಗ ಎಚ್ಚರ ಆಗ್ತದ." ನಾನು ಕೆಂಪು ಶಾಯಿಯಲ್ಲಿ ತಿದ್ದಿದೆ: "ತಾಯಿಯು ಪ್ರಾತಃಕಾಲದಲ್ಲಿ ಎದ್ದು ಅಡುಗೆ ಮಾಡುವಳು." ವ್ಯಾಕರಣ ಸರಿಯಾಯಿತು. ಸಪ್ಪಳ ಹೋಯಿತು. ಸಪ್ಪಳಕ್ಕೆ ಎಚ್ಚರಾಗುತ್ತಿದ್ದ ಹುಡುಗಿಯೂ ಹೋದಳು. ಮುಂದಿನ ನಿಬಂಧದಿಂದ ಅವಳು ನನ್ನ ಹಾಗೆಯೇ ಬರೆಯತೊಡಗಿದಳು. ನಾನು ಹೆಚ್ಚು ಅಂಕ ಕೊಟ್ಟೆ. ಇಂದು ನಿವೃತ್ತರ ಪ್ರಬಂಧಗಳನ್ನು ಓದುವಾಗ ನನಗೆ ಕಾಣುವುದು ಇದೇ ಕೆಂಪು ಶಾಯಿ. ವರ್ಗದಲ್ಲಿ ಮಕ್ಕಳನ್ನು ತಿದ್ದಿದ ನಾವು ಈಗ ನಮ್ಮನ್ನು ನಾವೇ ತಿದ್ದಿಕೊಳ್ಳುತ್ತಿದ್ದೇವೆ.

ಭಾಷೆಯ ವಿಷಯದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ನಮ್ಮ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳು ಪುಣೆಯ ಬಾಲಭಾರತಿಯಿಂದ ಬರುತ್ತವೆ. ಓದುವ ಸಾಹಿತ್ಯ ಧಾರವಾಡ, ಬೆಂಗಳೂರುಗಳಿಂದ. ಮನೆಯ ಮಾತು ಜತ್ತ ಪೂರ್ವ ಭಾಗದ್ದು. ಸಂತೆಯಲ್ಲಿ ಸೀತನಿಗೆ ಹುರಡಾ ಎಂದೂ ಅನ್ನುತ್ತೇವೆ, ಎರಡೂ ನಮ್ಮವೇ. ಆದರೆ ಬರೆಯಲು ಕುಳಿತಾಗ ಖಡು ಸುಧಾಖಂಡವಾಗುತ್ತದೆ, ಫಳಾ ಕೃಷ್ಣಫಲಕವಾಗುತ್ತದೆ, ಎಸ್‌ಟಿ ಸಾರಿಗೆ ವಾಹನವಾಗುತ್ತದೆ. ಮರಾಠಿಯ ಬಳಕೆ ಕಂಡರೆ ನಮ್ಮ ಕನ್ನಡತನಕ್ಕೆ ಎಲ್ಲಿ ಕುಂದು ಬಂದೀತೋ ಎಂಬ ಅಂಜಿಕೆ ಇದರ ಹಿಂದಿದೆ. ಅಂಜಿಕೆ ಅರ್ಥವಾಗುವಂಥದೇ. 2022ರ ಕೊನೆಯಲ್ಲಿ ಜತ್ತದ ಹೆಸರು ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ದಿನಗಟ್ಟಲೆ ಮೆರೆಯಿತು, ನೀರು ಮತ್ತು ಗಡಿ ಎಂಬ ಎರಡು ಮಾತುಗಳ ಜೊತೆಗೆ. ಆಮೇಲೆ ಸುಮ್ಮನಾಯಿತು. ಜಗಳವಾದಾಗ ಮಾತ್ರ ಅಚ್ಚಾಗುವ ಊರಿನ ಮುಂಜಾನೆ ಹೇಗಿರುತ್ತದೆ, ಜನ ಏನು ತಿನ್ನುತ್ತಾರೆ, ಯಾವ ಮಾತಿಗೆ ನಗುತ್ತಾರೆ ಎಂಬುದನ್ನು ಬರೆದಿಡುವವರು ಈ ನಿವೃತ್ತ ಶಿಕ್ಷಕರು ಮಾತ್ರ. ಅವರೂ ಆ ಮುಂಜಾನೆಯನ್ನು ಮೈಸೂರಿನ ಮುಂಜಾನೆಯಂತೆ ಬರೆದರೆ ನಮ್ಮದನ್ನು ಬರೆಯುವವರು ಯಾರು? ಮೂರ್ತಿರಾಯರನ್ನು ಮೆಚ್ಚೋಣ, ಅವರ ವಾಕ್ಯಗಳನ್ನು ನಕಲು ಮಾಡುವುದು ಬೇಡ.

ಇನ್ನೊಂದು ದೋಷ ಇದಕ್ಕಿಂತ ಸೂಕ್ಷ್ಮ, ಮತ್ತು ನನ್ನ ದೃಷ್ಟಿಯಲ್ಲಿ ಹೆಚ್ಚು ಗಂಭೀರ. ನಮ್ಮ ಪ್ರಬಂಧಗಳಲ್ಲಿ ಚಹಾ "ಬರುತ್ತದೆ". ಬಿಸಿ ರೊಟ್ಟಿ "ಬರುತ್ತದೆ". ಸ್ನಾನಕ್ಕೆ ನೀರು "ಕಾದಿರುತ್ತದೆ". ಯಾರು ತಂದರು, ಯಾರು ಕಾಯಿಸಿದರು ಎಂಬುದು ವಾಕ್ಯದಲ್ಲಿ ಇರುವುದಿಲ್ಲ. ವರ್ಗದಲ್ಲಿ ಕರ್ತೃಪದವನ್ನು ಗುರುತಿಸಿರೆಂದು ಮಕ್ಕಳಿಗೆ ಹೇಳಿದವರು ನಾವು! ಸರಳ ಸುಖವೆಂದು ನಾವು ಹೊಗಳುವುದು ಕುರ್ಚಿಯಲ್ಲಿ ಕುಳಿತವನಿಗೆ ಸರಳ. ಟ್ಯಾಂಕರಿನ ನೀರಿಗೆ ಕೊಡ ಹಿಡಿದು ನಿಂತವಳಿಗೆ ಆ ಬಿಸಿನೀರು ಸರಳವಾಗಿರುವುದಿಲ್ಲ. ನಮಗೆ 58ಕ್ಕೆ ನಿವೃತ್ತಿ. ಮನೆಯಾಕೆಗೆ ಅಂಥ ವಯಸ್ಸನ್ನು ಯಾವ ಸರಕಾರವೂ ಗೊತ್ತುಮಾಡಿಲ್ಲ.

ಈ ವಿಷಯದಲ್ಲಿ ನಮಗೆ ದಾರಿ ತೋರಿಸಬಲ್ಲವರು ಬಹಳ ದೂರದವರಲ್ಲ. ಸಿಂಪಿ ಲಿಂಗಣ್ಣನವರು 1905ರಲ್ಲಿ ಹುಟ್ಟಿದ್ದು ನಮ್ಮ ಉಮದಿಯ ಆಚೆಗಿನ ಚಡಚಣದಲ್ಲಿ. ವೃತ್ತಿಯಿಂದ ಪ್ರಾಥಮಿಕ ಶಾಲೆಯ ಶಿಕ್ಷಕರು. 1993ರಲ್ಲಿ ಕೊಪ್ಪಳದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅದೇ ವರ್ಷ ತೀರಿಕೊಂಡರು. ಮಧುರಚೆನ್ನರು, ಧೂಲಾಸಾಹೇಬರು, ಕಾಪಸೆ ರೇವಪ್ಪನವರು ಮತ್ತು ಇವರು ಕೂಡಿದ ಹಲಸಂಗಿ ಗೆಳೆಯರ ಗುಂಪು 1931ರಲ್ಲಿ 'ಗರತಿಯ ಹಾಡು' ಎಂಬ ಸಂಕಲನವನ್ನು ತಂದಿತು. ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳ ತ್ರಿಪದಿಗಳು ಅವು. ದಿನದ ಬದುಕು, ಅದರ ಸಣ್ಣ ಸುಖ, ತವರಿನ ನೆನಪು, ಕೂಸಿನ ನಗೆ ಇವುಗಳನ್ನೆಲ್ಲ ನಮ್ಮ ಸೀಮೆಯಲ್ಲಿ ಮೊದಲು ಸಾಹಿತ್ಯವಾಗಿಸಿದವರು ಆ ಹೆಣ್ಣುಮಕ್ಕಳು, ಅದೂ ದುಡಿಯುವ ಕೈ ನಿಲ್ಲಿಸದೆ. ಓದುಬರಹ ಬಲ್ಲ ಗೆಳೆಯರು ಆ ಹಾಡುಗಳ ಮುಂದೆ ವಿದ್ಯಾರ್ಥಿಗಳಂತೆ ಕುಳಿತು ಕೇಳಿದರು, ಬರೆದುಕೊಂಡರು. ಕೆಂಪು ಶಾಯಿಯನ್ನು ಮುಟ್ಟಲಿಲ್ಲ. ಶಿಕ್ಷಕನೊಬ್ಬ ಸಾಹಿತ್ಯಕ್ಕೆ ಮಾಡಬಹುದಾದ ದೊಡ್ಡ ಉಪಕಾರ ಅದು ಎಂದು ನಾನು ತಿಳಿದಿದ್ದೇನೆ. ನಮ್ಮ ಲಲಿತ ಪ್ರಬಂಧಕಾರರು ಲ್ಯಾಂಬ್‌ನನ್ನು, ಮೂರ್ತಿರಾಯರನ್ನು ನೆನೆಯುವಷ್ಟು ಹಲಸಂಗಿಯನ್ನು ನೆನೆಯದಿರುವುದು ಸೋಜಿಗ.

ಲ್ಯಾಂಬ್ ಎಂದೆನಷ್ಟೆ. ಚಾರ್ಲ್ಸ್ ಲ್ಯಾಂಬ್ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ 33 ವರ್ಷ ಲೆಕ್ಕ ಬರೆದು 1825ರಲ್ಲಿ ಬಿಡುಗಡೆ ಹೊಂದಿದ. ಅದೇ ವರ್ಷ ನಿವೃತ್ತಿಯ ಮೇಲೆ ಬರೆದ ಪ್ರಬಂಧದಲ್ಲಿ ಮೊದಲ ಕೆಲವು ದಿನಗಳ ದಿಗ್ಭ್ರಮೆಯನ್ನು ಮುಚ್ಚಿಡದೆ ಹೇಳುತ್ತಾನೆ: ವಾರದ ಒಂದೊಂದು ದಿನಕ್ಕೂ ಇದ್ದ ಒಂದೊಂದು ಬಣ್ಣ ಅಳಿಸಿಹೋಗಿ ಎಲ್ಲ ದಿನಗಳೂ ಒಂದೇ ಆದವಂತೆ. ಶನಿವಾರದ ಬೆಳಗಿನ ಶಾಲೆಯನ್ನು ಕಳೆದುಕೊಂಡ ಯಾವ ಶಿಕ್ಷಕನಿಗಾದರೂ ಇದು ಗೊತ್ತು. ಆದರೆ ನಮ್ಮವರು ಇದನ್ನು ಬರೆಯುವುದಿಲ್ಲ. ನಿವೃತ್ತಿಯ ಮರುದಿನವೇ ಪರಮ ಸಂತೋಷ ಪ್ರಾರಂಭವಾದಂತೆ ಬರೆಯುತ್ತಾರೆ. ದಿಕ್ಕುಗಾಣದೆ ಕುಳಿತ ಮೊದಲ ಸೋಮವಾರವನ್ನು ಬಿಟ್ಟು ಬರೆದ ಸುಖ ನಂಬಿಕೆ ಹುಟ್ಟಿಸುವುದಿಲ್ಲ.

ಇಷ್ಟನ್ನು ಬರೆಯಲು ಕಾರಣವಾದ ಒಂದು ನೋಟುಬುಕ್ಕು ನನ್ನ ಮೇಜಿನ ಮೇಲಿದೆ. ಪೂರ್ವ ಭಾಗದ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಲ್ಲಿ ದುಡಿದ ನನ್ನ ಹಿರಿಯ ಸ್ನೇಹಿತರೊಬ್ಬರು ಪುಸ್ತಕವಾಗಿಸುವ ಆಸೆಯಿಂದ ನೋಡಲು ಕೊಟ್ಟದ್ದು. ಇಪ್ಪತ್ತರಷ್ಟು ಪ್ರಬಂಧಗಳು. ಗುಡ್ಡಾಪುರದ ದಾನಮ್ಮನ ಜಾತ್ರೆಗೆ ನಡೆದುಹೋದದ್ದರ ಬಗ್ಗೆ ಬರೆದದ್ದು ನಿಜಕ್ಕೂ ಚೆನ್ನಾಗಿದೆ. ಪೆನ್ಶನ್ ದಿನ ಬ್ಯಾಂಕಿನ ಸಾಲಿನಲ್ಲಿ ಹಳೆಯ ವಿದ್ಯಾರ್ಥಿ ಕುರ್ಚಿ ಬಿಟ್ಟುಕೊಟ್ಟದ್ದು ಸಾಧಾರಣ. ಬಹುತೇಕ ಎಲ್ಲದರ ಕೊನೆಗೂ ಸುವಿಚಾರವಿದೆ. ಒಂದು ಪುಟವನ್ನು ಮಾತ್ರ ಅಡ್ಡಗೆರೆ ಎಳೆದು ಹೊಡೆದುಹಾಕಿದ್ದಾರೆ. ಗೆರೆಯ ಕೆಳಗಿನದು ಓದಲು ಬರುತ್ತದೆ. ನಿವೃತ್ತಿಯಾದ ವಾರದಲ್ಲಿ ಒಂದು ನಸುಕಿಗೆ ಎಚ್ಚರಾಗಿ ಅಡುಗೆಮನೆಯ ಬಾಗಿಲಿಗೆ ಬಂದಾಗ, ಹೆಂಡತಿ ಹಂಚಿನ ಮೇಲೆ ರೊಟ್ಟಿ ಹಾಕಿ ಇನ್ನೊಂದು ಕೈಯಿಂದ ತನ್ನ ಸೊಂಟವನ್ನು ಒತ್ತಿಕೊಳ್ಳುತ್ತಿದ್ದುದನ್ನು ಕಂಡರಂತೆ. ಅಷ್ಟು ವರ್ಷ ಮೊದಲ ಎಸ್‌ಟಿ ಹಿಡಿಯುವ ಅವಸರದಲ್ಲಿ ಡಬ್ಬಿ ಮಾತ್ರ ಕಂಡಿತ್ತು. ಆಕೆ ಎಷ್ಟು ಗಂಟೆಗೆ ಏಳುತ್ತಾಳೆಂಬುದು ತನಗೆ ಗೊತ್ತೇ ಇರಲಿಲ್ಲ ಎಂದು ಬರೆದು, ಅಂದು ಮಣೆ ಎಳೆದುಕೊಂಡು ಅಲ್ಲಿಯೇ ಕುಳಿತು ಬೆಂದ ರೊಟ್ಟಿಗಳನ್ನು ಒಂದೊಂದಾಗಿ ತೆಗೆದು ಬುಟ್ಟಿಗೆ ಹಾಕಿದ್ದನ್ನು, ಇಬ್ಬರೂ ಏನೂ ಮಾತನಾಡದ್ದನ್ನು ಬರೆದಿದ್ದಾರೆ. ಸುವಿಚಾರವಿಲ್ಲ.

"ಇದನ್ಯಾಕ ಹೊಡೆದ್ರಿ ಸರ?" ಎಂದು ಕೇಳಿದೆ. "ಅದು ಮನಿ ಮಾತ್ರಿ. ಸಾಹಿತ್ಯ ಅಲ್ಲ," ಅಂದರು. ನೋಟುಬುಕ್ಕಿನಲ್ಲಿ ಸಾಹಿತ್ಯವೆಂದು ಕರೆಯಬಹುದಾದದ್ದು ಮೊದಲು ಅದೇ ಎಂದು ನಾನು ವಾದಿಸಿದೆ. ಎರಡು ಸಂಜೆ ವಾದ ನಡೆಯಿತು. ಕೊನೆಗೆ, ಆಕೆ ಒಪ್ಪಿದರೆ ಇಟ್ಟುಕೊಳ್ಳೋಣವೆಂದರು. ವೈನಿಯವರು ಕಲಿತದ್ದು ಮರಾಠಿ ಶಾಲೆಯಲ್ಲಿ, ನಾಲ್ಕನೆಯವರೆಗೆ. ಕನ್ನಡ ಮಾತು ಮನೆಯದು, ಕನ್ನಡ ಅಕ್ಷರ ಬಾರದು. ಗಂಡನಿಗೆ ಓದಿ ಹೇಳಲು ಸಂಕೋಚ. ಬರುವ ರವಿವಾರ ನಾನು ಹೋಗಿ ಓದಿ ಹೇಳಬೇಕೆಂದು ಗೊತ್ತಾಗಿದೆ.