ಧನ್ವಂತರಿಯ ಹೆಸರಿನಲ್ಲಿ ಒಂದು ಕೃತಕ ವಚನ

ಗೋವಿನ ಕೆಚ್ಚಲಿನ ಬೊಕ್ಕೆಯ ರಸವನ್ನು ಶಸ್ತ್ರದ ಮೊನೆಯಿಂದ ತೆಗೆದು, ಭುಜಕ್ಕೂ ಮೊಳಕೈಗೂ ನಡುವೆ ರಕ್ತವು ತೋರುವವರೆಗೆ ಚುಚ್ಚಿ ಸೇರಿಸಿದರೆ ಮಸೂರಿಕಾಜ್ವರವುಂಟಾಗುವುದೆಂಬ ವಚನವೊಂದು 1819ನೆಯ ಜನವರಿಯಲ್ಲಿ ‘ಮದರಾಸ್ ಕೊರಿಯರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಆಕರವು ಧನ್ವಂತರಿಪ್ರಣೀತವಾದ ‘ಶಾಕ್ತೇಯಗ್ರಂಥ’ವೆಂದು ಹೇಳಲಾಗಿದ್ದಿತು. ಜೆನ್ನರನಿಗಿಂತ ಮೊದಲೇ ಭಾರತೀಯರು ದಾಕು ಹಾಕುವುದನ್ನು ಬಲ್ಲವರಾಗಿದ್ದರೆಂಬುದಕ್ಕೆ ಇದನ್ನು ಪ್ರಮಾಣವಾಗಿ ಎತ್ತಿಹೇಳಿದವರು ಅಂದಿನಿಂದ ಅನೇಕರು.

ಪ್ರಮಾಣವು ನಿಲ್ಲುವಂತಹುದಲ್ಲ. ಸುಶ್ರುತನು ಮಸೂರಿಕೆಯನ್ನು ಕ್ಷುದ್ರರೋಗಗಳ ಸಾಲಿನಲ್ಲಿ ಸಂಕ್ಷೇಪವಾಗಿ ಮುಗಿಸಿರುವನು. ಮಾಧವನಿದಾನವು ಅದಕ್ಕೆ ಪ್ರತ್ಯೇಕಾಧ್ಯಾಯವನ್ನೇ ಕೊಟ್ಟಿರುವುದು. ಭಾವಪ್ರಕಾಶದಲ್ಲಿ ಶೀತಲಾಸ್ತೋತ್ರವೂ ಉಂಟು. ಗೋವಿನ ಬೊಕ್ಕೆಯ ಮಾತು ಇವುಗಳೊಂದರಲ್ಲಿಯೂ ಇಲ್ಲ. ಶಾಕ್ತೇಯಗ್ರಂಥದ್ದೆಂಬ ಓಲೆಗರಿಯೊಂದಾದರೂ ದೊರೆತಿಲ್ಲ. ವಂಗದೇಶದ ಟೀಕಾದಾರರು ಸಿಡುಬಿನ ಕೀವನ್ನು ಚುಚ್ಚುತ್ತಿದ್ದುದು ನಿಜ. ಹಾಲ್ವೆಲ್ಲನು 1767ರಲ್ಲಿಯೇ ಅದನ್ನು ವರ್ಣಿಸಿರುವನು. ಆದರೆ ಅದು ಮನುಷ್ಯರ ಸಿಡುಬಿನ ಕೀವು, ಗೋವಿನದಲ್ಲ. ಇವೆರಡನ್ನೂ ಒಂದೇ ಎಂದು ಹಿಡಿದುದರಿಂದ ಭ್ರಾಂತಿಯು ಬೆಳೆಯಿತು. ವಚನದ ವಿಧಾನವಾದರೋ 1798ರ ಜೆನ್ನರನ ಗ್ರಂಥದ ನೆರಳೇ ಸರಿ.

ಈ ಕಪಟಕ್ಕೆ ಕಾರಣವು ದುರಾಸೆಯಲ್ಲ. 1802ರಲ್ಲಿ ಮುಂಬಯಿಗೆ ಬಂದಿಳಿದ ಈ ಹೊಸ ಔಷಧಕ್ಕೆ ಮೈಯೊಡ್ಡಲು ಜನರು ಅಂಜಿದರು. ಆ ಶಂಕೆಯನ್ನು ಕಳೆಯಲೋಸುಗ ಮದರಾಸಿನ ಎಲ್ಲಿಸನು ಸಂಸ್ಕೃತದಲ್ಲಿ ಪದ್ಯರಚನೆ ಮಾಡಿ, ಹಳೆಯ ಕಾಗದದ ಮೇಲೆ ಬರೆಯಿಸಿ, ಪ್ರಾಚೀನಕೃತಿಯೆಂದು ಹಬ್ಬಿಸಿದನೆಂದು 19ನೆಯ ಶತಮಾನದ ಬರಹಗಳು ಹೇಳುತ್ತವೆ. ಪತ್ರಿಕೆಯ ವಚನವು ಅವನದಾಗಲಿ ಬೇರೊಬ್ಬನದಾಗಲಿ, ಜಾತಿಯೊಂದೇ.

ಚರಕನು ಸೂತ್ರಸ್ಥಾನದಲ್ಲಿ ವೈದ್ಯರನ್ನು ಮೂರು ತೆರನಾಗಿ ವಿಂಗಡಿಸುವನು. ತಮ್ಮಲ್ಲಿ ಜ್ಞಾನವಿಲ್ಲದೆ, ಖ್ಯಾತರಾದವರ ಹೆಸರನ್ನು ಹೇಳಿಕೊಂಡು ವೈದ್ಯರೆನ್ನಿಸಿಕೊಳ್ಳುವವರು ಅವನ ಎಣಿಕೆಯಲ್ಲಿ ‘ಸಿದ್ಧಸಾಧಿತ’ರು. ಧನ್ವಂತರಿಯ ಮುದ್ರೆಯೊತ್ತಿಕೊಂಡ ಈ ವಚನವು ಆ ವರ್ಗಕ್ಕೇ ಸೇರತಕ್ಕುದು. ವಿಚಿತ್ರವೇನೆಂದರೆ, ಔಷಧವು ಸಾಚಾ. ಅದನ್ನು ಸಾರಿದ ಬಾಯಿ ಮಾತ್ರ ಕಪಟವೈದ್ಯನದು. ಆರೋಗ್ಯವನ್ನುಂಟುಮಾಡುವುದೇ ತಕ್ಕ ಔಷಧವೆಂದು ಚರಕನೇ ಒರೆಗಲ್ಲನ್ನು ಕೊಟ್ಟಿರುವಾಗ, ಶಂಕಿಸಿದವನಿಗೆ ಗುಣವನ್ನು ತೋರಿಸಬೇಕಾಗಿದ್ದಿತು. ಶಾಸ್ತ್ರವನ್ನು ತೋರಿಸಿದರು, ಅದೂ ಇಲ್ಲದ ಶಾಸ್ತ್ರವನ್ನು! ದಾಕಿನ ಬಲದಿಂದ ಸಿಡುಬು ಲೋಕದಿಂದಲೇ ಅಳಿಯಿತೆಂದು 1980ರಲ್ಲಿ ಘೋಷಣೆಯಾಯಿತು; ಆ ಗುಣವು ಧನ್ವಂತರಿಯ ಹೆಸರಿನಿಂದ ಬಂದುದಲ್ಲ. ವಚನವನ್ನು ನಂಬಿದ ವಿದ್ವಾಂಸರಿಗಾದರೋ ಅದು ಅಭಿಮಾನದ ವಸ್ತುವಾಗಿ, ಮೂಲವನ್ನು ಹುಡುಕುವ ಶ್ರಮವನ್ನೇ ತಪ್ಪಿಸಿತು.

ಎಲ್ಲಿಸನು 1819ರಲ್ಲಿಯೇ ತೀರಿಕೊಂಡನು. ‘ಎಜೂರ್ವೇದ’ವೆಂಬುದು ಈಚಿನವರು ಕಟ್ಟಿದ ಕೃತಕವೇದವೆಂದು ಸಾಧಿಸಿದ ಅವನ ಲೇಖನವು 1822ರಲ್ಲಿ ‘ಏಷ್ಯಾಟಿಕ್ ರಿಸರ್ಚಸ್’ನ 14ನೆಯ ಸಂಪುಟದಲ್ಲಿ ಅಚ್ಚಾಯಿತು.